ತೂಬಿನ ಬಳಿ ಇದ್ದವನು

ಸಭೆ ಇದ್ದದ್ದು ಮಧ್ಯಾಹ್ನ ಮೂರು ಗಂಟೆಗೆ, ಮಳವಳ್ಳಿಯಲ್ಲಿ. ಅದು ನಡೆದು ಮುಗಿದ ವರದಿಯನ್ನು ಸಿದ್ದರಾಜು ಬೆಳಿಗ್ಗೆ ಎಂಟಕ್ಕೆ ಮಂಡ್ಯದ ಪ್ರೆಸ್ಸಿನಲ್ಲಿ ನಿಂತು ಓದುತ್ತಿದ್ದ. ಕಾಗದ ಇನ್ನೂ ತೇವವಾಗಿತ್ತು. ಹೆಬ್ಬೆರಳಿಗೆ ಮಸಿ ಹತ್ತಿತು. ‘ದೆಹಲಿಯ ರಾಜ್ಯಾಂಗ ರಚನಾ ಸಭೆಗೆ ಹೊರಟಿರುವ ಶ್ರೀ ಸಿದ್ದರಾಜು ಅವರನ್ನು ಸಹಸ್ರಾರು ಜನರ ಜಯಘೋಷದ ನಡುವೆ ಸನ್ಮಾನಿಸಲಾಯಿತು. ಧ್ವಜವೀರ ದಿವಂಗತ ಸಣ್ಣಯ್ಯನವರ ಪತ್ನಿ ಪುಟ್ಟಮಾದಮ್ಮನವರು ತಮ್ಮ ಕೈಯಾರೆ ನಾಯಕರಿಗೆ ಹಾರ ಹಾಕಿ ಆನಂದಬಾಷ್ಪ ಸುರಿಸಿದರು.’ ಅವನು ಆ ಕೊನೆಯ ಸಾಲನ್ನು ಮತ್ತೆ ಓದಿದ. ತಪ್ಪು ಹುಡುಕುವ ಹಳೆಯ ಅಭ್ಯಾಸದಿಂದ ಕಣ್ಣು ಮೊದಲು ಒತ್ತಕ್ಷರಗಳ ಮೇಲೆ ಹರಿಯಿತು. ಒತ್ತಕ್ಷರಗಳೆಲ್ಲ ಸರಿಯಾಗಿದ್ದವು.

“ಈ ಸಾಲು ತೆಗೀಬೇಕಲ್ಲ ಹುಚ್ಚೀರಣ್ಣ” ಎಂದ.

ಹುಚ್ಚೀರಯ್ಯ ಗೋಣಿದಾರದಿಂದ ಕಟ್ಟು ಬಿಗಿಯುತ್ತಿದ್ದವನು ತಲೆ ಎತ್ತಲಿಲ್ಲ. ಹದಿನೈದು ವರ್ಷದ ಹಿಂದೆ ದುದ್ದ ಎಂಬ ಹಳ್ಳಿಯಿಂದ ಬಂದ ಸಿದ್ದರಾಜುವಿಗೆ ಅಚ್ಚಿನ ಮೊಳೆ ಜೋಡಿಸುವುದನ್ನು ಕಲಿಸಿದವನು ಅವನೇ. ಇಡೀ ಜಿಲ್ಲೆಯಲ್ಲಿ ಈಗಲೂ ಅವನನ್ನು ಏಕವಚನದಲ್ಲಿ ಕರೆಯುವವನೂ ಅವನೊಬ್ಬನೇ. “ನಿನ್ನೆ ರಾತ್ರೀನೇ ಮಷೀನು ತುಳ್ದು ಮುಗುಸ್ದೆ ಕಣ್ಲಾ. ಈಗೆಲ್ಲಿಂದ ತೆಗಿಯಾನ? ಆಯಮ್ಮ ಅಳದೇ ಇದ್ರೆ ನೀನೇ ಒಸಿ ಅಳ್ಸು” ಎಂದ. ಆಮೇಲೆ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿ, “ಈ ಕಸುಬು ನೀನೇ ಕಲ್ಸಿದ್ದಲ್ವಾ” ಎಂದ. ಅದರಲ್ಲಿ ಕೊಂಕು ಇತ್ತೋ ಇಲ್ಲವೋ ಸಿದ್ದರಾಜುವಿಗೆ ತಿಳಿಯಲಿಲ್ಲ. ತಿಳಿಯದೆ ಇದ್ದದ್ದೇ ಹೆಚ್ಚು ಚುಚ್ಚಿತು.

ಹೌದು, ಈ ಕಸುಬು ಕಲಿಸಿದ್ದು ಸಿದ್ದರಾಜುವೇ. ‘ಹೊಸನಾಲೆ’ ವಾರಕ್ಕೊಂದು ಸಲ ಬರುತ್ತಿದ್ದ ಅವನ ಪತ್ರಿಕೆ. ಗುರುವಾರ ರಾತ್ರಿ ಅಚ್ಚಾಗಿ ಶುಕ್ರವಾರದ ರೈಲಿಗೆ ಕಟ್ಟು ಹೋಗದಿದ್ದರೆ ಮದ್ದೂರು, ಮಳವಳ್ಳಿಯವರ ಕೈಗೆ ಸುದ್ದಿ ಸೇರುವ ಹೊತ್ತಿಗೆ ಹಳಸಿರುತ್ತಿತ್ತು. ಚಳವಳಿಯ ಸಭೆಗಳೋ ಹೆಚ್ಚಾಗಿ ಶುಕ್ರವಾರವೇ, ಸಂತೆಗೆ ಜನ ಸೇರುವ ದಿನ. ಹೀಗಾಗಿ ನಾಳೆಯ ಸಭೆಯನ್ನು ಇವತ್ತೇ ನಡೆದಂತೆ ಬರೆದುಬಿಡುವ ಪದ್ಧತಿ ಹುಟ್ಟಿಕೊಂಡಿತು. ಮೊದಮೊದಲು ಅಳುಕಿತ್ತು. ಆದರೆ ಸಭೆಗಳು ಒಂದನ್ನೊಂದು ಹೋಲುತ್ತಿದ್ದವು: ಪ್ರಾರ್ಥನೆ, ಭಾಷಣ, ಜಯಕಾರ, ವಂದನೆ. ಬರೆದಂತೆಯೇ ಎಲ್ಲವೂ ನಡೆಯುತ್ತಿತ್ತು. ಬರೆದದ್ದರಿಂದಲೇ ನಡೆಯುತ್ತಿದೆಯೇನೋ ಎಂಬ ಸಣ್ಣ ಅಮಲೂ ಅವನಿಗೆ ಇತ್ತು, ಆಗ.

ವಕೀಲರೊಬ್ಬರು ಕಳಿಸಿಕೊಟ್ಟ ಕಾರು ಕಬ್ಬಿನ ಗಾಡಿಗಳ ಸಾಲನ್ನು ದಾಟಿ ಮದ್ದೂರಿನ ಕಡೆ ಹೊರಟಿತು. ಜುಲೈ ತಿಂಗಳ ಮೋಡ ತೆಂಗಿನ ಮರಗಳ ತಲೆಗೆ ತಾಗುವಷ್ಟು ಕೆಳಗಿತ್ತು, ಮಳೆ ಇರಲಿಲ್ಲ. ಗೆಜ್ಜಲಗೆರೆಯ ಹತ್ತಿರ ಇದ್ದಿಲು ಉರಿಸಿ ಓಡಿಸುವ ಬಸ್ಸೊಂದು ಕೆಟ್ಟು ನಿಂತಿತ್ತು. ಇಳಿದು ನಿಂತಿದ್ದ ಪ್ರಯಾಣಿಕರಲ್ಲಿ ಯಾರೋ ಗುರುತು ಹಿಡಿದು ಕೈಮುಗಿದರು. ಅವನೂ ಮುಗಿದ. ಹೀಗೆ ಮುಗಿಯುವಾಗ ತನ್ನ ಮುಖದ ಮೇಲೆ ಒಂದು ಬಗೆಯ ನಗು ಬರುತ್ತದೆಂದು ಅವನಿಗೆ ಗೊತ್ತಿತ್ತು. ಅದನ್ನು ತಾನು ಯಾರಿಂದ ಕಲಿತೆ ಎಂದು ಯೋಚಿಸಿದ. ಹಗಲೆಲ್ಲ ಮೊಳೆ ಜೋಡಿಸಿ ಸಂಜೆ ಕ್ಲಾಸಿನಲ್ಲಿ ಇಂಗ್ಲಿಷು ಕಲಿಯುತ್ತಿದ್ದಾಗ ಅವನು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ, ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಬೆವರುತ್ತಿದ್ದ. ಆ ಬೆವರು ನಿಂತಿಲ್ಲ. ಬೆಂಗಳೂರಿನ ಕಮಿಟಿಯಲ್ಲಿ, ಮದರಾಸಿನ ಸಮ್ಮೇಳನದಲ್ಲಿ, ದೊಡ್ಡ ದೊಡ್ಡವರು ಹೆಸರು ಹಿಡಿದು ಕರೆದಾಗಲೂ ಖಾದಿಯ ಒಳಗೆ ಬೆನ್ನು ಒದ್ದೆಯಾಗುತ್ತದೆ. ಯಾರೋ ಎದ್ದು ನಿಂತು, ಇವನ್ಯಾಕೆ ಇಲ್ಲಿದ್ದಾನೆ ಎಂದು ಕೇಳಿಬಿಡುತ್ತಾರೆ. ಕೇಳಿದರೆ ಉತ್ತರವೇನು? ಎಂಟು ವರ್ಷದ ಹಿಂದಿನ ಒಂದು ಶುಕ್ರವಾರ. ಅಷ್ಟೇ ಉತ್ತರ.

ಆ ಸಲ, ಸರ್ಕಾರ ನಿಷೇಧಿಸಿದ್ದ ಬಾವುಟ ಏರಿಸಬೇಕೆಂದು ಗೊತ್ತುಮಾಡಿದ್ದು ಬೆಳಕವಾಡಿ ದಾರಿಯ ಒಂದು ಕೊಪ್ಪಲಿನಲ್ಲಿ. ಅವನು ಮಂಗಳವಾರ ಅಲ್ಲಿಗೆ ಹೋಗಿದ್ದ. ಕೆರೆಯ ಏರಿಯ ಮೇಲೆ ನೀರುಗಂಟಿ ಸಣ್ಣಯ್ಯ ತೂಬಿನ ಕಲ್ಲಿಗೆ ಒರಗಿ ಕೂತಿದ್ದ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಆ ಊರಿನಲ್ಲಿ ಅವನೊಬ್ಬನ ತಲೆಯಲ್ಲಿತ್ತು. ಕೇರಿಯವನಾದರೂ ನೀರಿನ ವಿಷಯದಲ್ಲಿ ಪಟೇಲನೂ ಅವನ ಮಾತು ಮೀರುತ್ತಿರಲಿಲ್ಲ. ಹರಿಜನನೊಬ್ಬ ಧ್ವಜ ಏರಿಸಿದ ಎಂಬ ಸಾಲು ಸಿದ್ದರಾಜುವಿನ ಮನಸ್ಸಿನಲ್ಲಿ ಅಲ್ಲೇ, ಏರಿಯ ಮೇಲೇ ಮೂಡಿತು. ಮದರಾಸಿನ ಪತ್ರಿಕೆಗಳೂ ಅದನ್ನು ಎತ್ತಿಕೊಳ್ಳುತ್ತವೆ ಅನ್ನಿಸಿತು. “ಶುಕ್ರವಾರ ಬಾವುಟ ನೀನೇ ಏರಿಸಬೇಕು ಸಣ್ಣಯ್ಯ” ಎಂದ. ಸಣ್ಣಯ್ಯ ಎದ್ದು ನಿಂತು, ಹೆಗಲ ಟವೆಲು ಕೈಗೆ ತೆಗೆದುಕೊಂಡು, “ಆಗ್ಲಿ ಬುದ್ದಿ” ಎಂದ. ಪಟೇಲ ಹೇಳಿದರೂ, ಅಮಲ್ದಾರ ಹೇಳಿದರೂ, ಮಳೆ ಬರಬಹುದು ಎಂದು ದಾರಿಹೋಕ ಹೇಳಿದರೂ ಅವನು ಅನ್ನುತ್ತಿದ್ದದ್ದು ಅದೇ ಮಾತು. ದುದ್ದದಲ್ಲಿ ಹುಟ್ಟಿ ಬೆಳೆದ ಸಿದ್ದರಾಜುವಿಗೆ ಅದು ಗೊತ್ತಿರಲಿಲ್ಲವೇ? ಆ ‘ಆಗ್ಲಿ’ಗೆ ಒಪ್ಪಿಗೆ ಎಂಬ ಅರ್ಥವಿಲ್ಲ, ಅದು ಎದುರಿಗೆ ನಿಂತವನನ್ನು ಕಳಿಸಿಕೊಡುವ ರೀತಿ ಎಂದು? ಗೊತ್ತಿತ್ತು. ಗೊತ್ತಿದ್ದೂ ಗುರುವಾರ ಸಂಜೆ ಬರೆದ: ‘ನೀರುಗಂಟಿ ಸಣ್ಣಯ್ಯನು ನಿರ್ಭಯನಾಗಿ ಮುಂದೆ ಬಂದು ಧ್ವಜವನ್ನು ಏರಿಸಿದನು.’ ಶುಕ್ರವಾರ ಪೊಲೀಸರು ಬರುತ್ತಾರೆಂಬ ಗಾಳಿಸುದ್ದಿಗೆ ಹೆದರಿ ಯಾರೂ ಬರಲಿಲ್ಲ. ಕಂಬ ಗುಂಡಿಯ ಪಕ್ಕ ಮಲಗಿಯೇ ಇತ್ತು. ಸಣ್ಣಯ್ಯ ಬೆಳಗಿನಿಂದ ಸಂಜೆಯವರೆಗೆ ತೂಬಿನ ಹತ್ತಿರವಿದ್ದು ಕೊನೆಯ ಗದ್ದೆಗಳಿಗೆ ನೀರು ಬಿಟ್ಟ. ಭತ್ತ ಹಾಲುಗಾಳಾಗುವ ಹೊತ್ತು. ಭಾನುವಾರ ಪೊಲೀಸರು ಪತ್ರಿಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು ಅವನನ್ನು ಹಿಡಿದೊಯ್ದರು, ಸಿದ್ದರಾಜುವನ್ನೂ.

ಮಳವಳ್ಳಿಯ ಮುಸಾಫಿರಖಾನೆಯ ಗೇಟಿಗೆ ಬಟ್ಟೆಯ ತೋರಣ ಕಟ್ಟಿದ್ದರು: ‘ಒಂದು ಅಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳದ ವೀರನಿಗೆ ಸ್ವಾಗತ.’ ಸಿದ್ದರಾಜು ಅದನ್ನು ನೋಡದಂತೆ ಇಳಿದ. ಸ್ವಾಗತ ಸಮಿತಿಯ ಅಧ್ಯಕ್ಷ ಲಿಂಗಯ್ಯನವರು ಬೆಲ್ಲದ ಮಂಡಿಯವರು, ದೊಡ್ಡ ದನಿಯವರು, ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತ, “ನೀವು ಕೋರ್ಟಲ್ಲಿ ಯೋಳಿದ್ ಮಾತು ಸಾರ್ ಅದು. ನಮ್ಮ್ ಇಸ್ಕೂಲ್ ಮಕ್ಳಿಗೆ ಬಾಯ್ಪಾಠ” ಎಂದರು. ಆ ಮಾತನ್ನು ಅವನು ಹೇಳಿದ್ದು ನಿಜ. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು, ಬಹಳ ಮೆದುವಾಗಿ, ಈ ವರದಿ ನಿಜವೇ ಎಂದು ಕೇಳಿದ್ದರು. ಕಟಕಟೆಯ ಇನ್ನೊಂದು ಪಕ್ಕದಲ್ಲಿ ಸಣ್ಣಯ್ಯ ಅವನ ಮುಖವನ್ನೇ ನೋಡುತ್ತಿದ್ದ. ‘ಇದನ್ನು ಹಿಂದಿನ ದಿನ ಬರೆದೆ, ನಾನು ಅಲ್ಲಿರಲಿಲ್ಲ’ ಎಂದರೆ ಸಣ್ಣಯ್ಯ ಅಂದೇ ಸಂಜೆ ಮನೆಗೆ ಹೋಗುತ್ತಿದ್ದ. ಆದರೆ ಕೋರ್ಟಿನ ತುಂಬ ಜನ ತುಂಬಿದ್ದರು, ಅವನಿಗಾಗಿಯೇ ಬಂದ ಜನ. ಅವರ ನಗು ಅವನ ಕಿವಿಗೆ ಮೊದಲೇ ಕೇಳಿಸಿತು. ಸಂಜೆ ಕ್ಲಾಸಿನ ಬೆವರು ಬೆನ್ನ ಮೇಲೆ ಹರಿಯಿತು. “ನನ್ನ ಪತ್ರಿಕೆಯ ಒಂದು ಅಕ್ಷರವನ್ನೂ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ” ಎಂದ. ಭಯದಿಂದ ಹೇಳಿದ ಮಾತು ಹೊರಬರುವಾಗ ಧೈರ್ಯದ ದನಿಯಲ್ಲಿ ಬಂತು. ಜನ ಎದ್ದು ನಿಂತು ಜಯಕಾರ ಹಾಕಿದರು. ಅವನಿಗೆ ಆರು ತಿಂಗಳಾಯಿತು, ಸಣ್ಣಯ್ಯನಿಗೆ ಹತ್ತು.

ಜೈಲಿನಲ್ಲಿ ಅವನಿಗೆ ಎರಡನೆಯ ದರ್ಜೆ, ಓದಲು ಪುಸ್ತಕ, ಬೆಳಿಗ್ಗೆ ಕಾಫಿ. ಸಣ್ಣಯ್ಯ ಗೋಡೆಯಾಚೆಯ ಮೂರನೆಯ ದರ್ಜೆಯಲ್ಲಿ ಕಲ್ಲು ಒಡೆಯುತ್ತಿದ್ದ. ಒಂದೇ ಒಂದು ಸಲ, ತರಕಾರಿ ಮಡಿಯ ಹತ್ತಿರ, ವಾರ್ಡರು ಬೀಡಿ ಹಚ್ಚಿಕೊಳ್ಳುವಷ್ಟು ಹೊತ್ತು ಮಾತಾಡಲು ಸಿಕ್ಕಿದ್ದ. ಕಾಲು ಊದಿಕೊಂಡಿತ್ತು. “ಬುದ್ದಿ, ನೀವೊಂದು ಕಾಗ್ಜ ಬರುದ್ರೆ ನನ್ ಬುಟ್ಬುಡ್ತಾರಂತೆ. ನಾನು ತೂಬ್ತಾವ್ ಇದ್ದೆ ಅಂತ. ಊರೋರು ತೂಬ್ ಬುಟ್ಟು ಒಂಟೋದ ಅಂತಾವ್ರಂತೆ, ಬುದ್ದಿ” ಎಂದ. ಬಿಡುಗಡೆಗಿಂತ ಆ ಕೊನೆಯ ಮಾತನ್ನೇ ಅವನು ಹೆಚ್ಚು ಒತ್ತಿ ಹೇಳಿದ್ದ. ಸಿದ್ದರಾಜು ಆಗ ಗಮನಿಸಲಿಲ್ಲ. “ದೇಶಕ್ಕೋಸ್ಕರ ಒಂಚೂರು ತಾಳಿಕೊ” ಎಂದ. ಸಣ್ಣಯ್ಯ ಟವೆಲಿಲ್ಲದ ಹೆಗಲನ್ನು ಒಮ್ಮೆ ಮುಟ್ಟಿಕೊಂಡು, “ಆಗ್ಲಿ ಬುದ್ದಿ” ಎಂದ. ಬಿಡುಗಡೆಯಾಗಿ ಎರಡು ತಿಂಗಳಿಗೆ ಸತ್ತ. ‘ಹೊಸನಾಲೆ’ ಕಪ್ಪು ಅಂಚಿನ ಪುಟ ಹಾಕಿತು. ಅದನ್ನು ಬರೆದವನು ಸಿದ್ದರಾಜು. ಚೆನ್ನಾಗಿ ಬರೆದಿದ್ದ, ಬರೆಯುವಾಗ ಅತ್ತೂ ಇದ್ದ. ಆ ಪುಟವನ್ನು ಓದಿಯೇ ಬೆಂಗಳೂರಿನ ಕಮಿಟಿಯವರು ಅವನನ್ನು ಕರೆಸಿಕೊಂಡದ್ದು.

“ಆಯಮ್ಮ ಬಂದವ್ಳೆ ಸಾರ್, ಜಗಲಿ ತಾವ ಕುಂತವ್ಳೆ. ಹಾರ ಹೆಂಗ್ ಹಾಕ್ಬೇಕು ಅಂತ ಯೋಳ್ಕೊಟ್ಟಿದ್ದೀವಿ” ಎಂದರು ಲಿಂಗಯ್ಯನವರು. ಸಿದ್ದರಾಜು ಊಟದ ಎಲೆಯ ಮುಂದಿನಿಂದ ಎದ್ದು ಹಿಂದಿನ ಜಗಲಿಗೆ ಹೋದ. ಪುಟ್ಟಮಾದಮ್ಮ ಜಗಲಿಯ ಮೇಲಲ್ಲ, ಜಗಲಿಯ ಕೆಳಗೆ ಮಣ್ಣಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಹಾರ. ಒಣಗಿದ ಗಟ್ಟಿ ಹೆಂಗಸು. ಇವನನ್ನು ಕಂಡು ಎದ್ದಳು. ಈ ಎಂಟು ವರ್ಷದಲ್ಲಿ ಅವಳ ಮುಂದೆ ಒಬ್ಬನೇ ನಿಂತದ್ದು ಇದೇ ಮೊದಲು. ಪ್ರತಿ ಸಲ ಮಳವಳ್ಳಿಗೆ ಬಂದಾಗಲೂ ನಾಲ್ಕು ಜನರ ನಡುವೆ ಇರುವಂತೆ ನೋಡಿಕೊಂಡಿದ್ದ.

“ಮೇಲೆ ಕೂತ್ಕೊಳ್ಳಿ ತಾಯಿ” ಎಂದ.

“ಇರ್ಲಿ ಬುಡಿ ಬುದ್ದಿ. ಮೇಲೆ ಕುಂತ್ರೆ ಆಮೇಲೆ ತೊಳಿಯೋರು ಬೈಕತಾರೆ.” ಅವಳು ನಗಲಿಲ್ಲ. “ಡಿಲ್ಲಿಗೆ ಓಯ್ತೀರಂತೆ. ದೂರ್ವಾ?”

“ದೂರ. ಮೂರು ದಿನದ ರೈಲು.”

“ಅಂಗಾರೆ ಇನ್ ಸಿಕ್ಕಲ್ಲ ನೀವು. ಅದ್ಕೇಯ ಬಂದೆ. ಇಲ್ದಿದ್ರೆ ಬತ್ತಿರ್ಲಿಲ್ಲ.” ಅವಳು ಹಾರದ ಎಲೆಯ ಮೇಲೆ ಕೂತ ನೊಣವನ್ನು ಅಟ್ಟಿದಳು. “ನಮ್ಮೂರ್ನಲ್ಲಿ ಅವ್ನ ಏನಂತಾರೆ ಗೊತ್ತಾ ಬುದ್ದಿ? ಬಾವುಟುದ್ ಹುಚ್ಚಿಗೆ ತೂಬ್ ಬುಟ್ಟು ಒಂಟೋದೋನು ಅಂತಾರೆ. ಆ ವರ್ಸ ಕೊನೆ ಗದ್ದೆ ಎಲ್ಲಾ ಒಣಗ್ದೋ. ಪೋಲೀಸ್ನೋರು ಇಡ್ಕಂಡೋದ್ ಮ್ಯಾಲೆ ಒಣಗಿದ್ದು. ಆದ್ರೆ ಅವತ್ ಎದ್ರಿ ಯಾರೂ ಏರಿ ತಾವ ಬಂದಿರ್ಲಿಲ್ಲ, ಪೇಪರ್ನಲ್ಲಿ ಸುಕ್ರಾರ್ವೇ ತೂಬ್ ಬುಟ್ಟಿದ್ದ ಅಂತ ಬರ್ದವ್ರಲ್ಲ. ನೀರ್ಗಂಟಿ ಮನೆ ಅಂತ ಮೂರ್ ತಲೆಯಿಂದ ಬತ್ತ ಕೊಡೋರು. ನಿಲ್ಲಿಸ್ಬುಟ್ರು. ಬತ್ತ ಓಗ್ಲಿ. ನನ್ ಗಂಡ ನೀರ್ನ ಬುಟ್ಟು ಒಂಟೋದೋನಲ್ಲ ಬುದ್ದಿ. ನಾನ್ ಉಂಡಿಲ್ಲ ಅಂದ್ರೂ ತೂಬ್ ಬುಟ್ಟು ಬತ್ತಿರ್ಲಿಲ್ಲ ಅವ್ನು.”

ಒಳಗಿನಿಂದ ಲಿಂಗಯ್ಯನವರ ದೊಡ್ಡ ನಗು ಕೇಳಿಸಿತು.

“ಇವತ್ ನಮ್ಮೂರೋರೂ ಬಂದವ್ರೆ. ಪಟೇಲ ಬಂದವ್ನೆ. ನೀವು ಮೇಲ್ ನಿಂತ್ಕಂಡು ಒಂದ್ ಮಾತು ಯೋಳಿ. ಅವತ್ ಸಣ್ಣಯ್ಯ ತೂಬ್ತಾವೇ ಇದ್ದ ಅಂತ. ಅಷ್ಟೇಯ. ನಿಮ್ ಮೇಲೆ ನಾನೇನೂ ಯೋಳಕಿಲ್ಲ. ಆರಾನೂ ಆಕ್ತೀನಿ.”

“ಆಗಲಿ ತಾಯಿ” ಎಂದ ಅವನು. ಎಂದ ಕೂಡಲೇ ತನ್ನ ದನಿ ಅವನಿಗೆ ಕೇಳಿಸಿತು. ಅವಳೂ ಅದನ್ನು ಕೇಳಿದ್ದಳು. ಅವನ ಮುಖ ನೋಡಿ, ಆ ಮಾತಿನ ತೂಕ ಎಷ್ಟೆಂದು ಅವಳಿಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಾರದು ಎಂಬಂತೆ, ಕಣ್ಣು ಕೆಳಗೆ ಮಾಡಿದಳು.

ವೇದಿಕೆಯ ಮೇಲೆ ಕೂತಿದ್ದ ಒಂದೂವರೆ ಗಂಟೆ ಅವನು ಆ ಒಂದು ವಾಕ್ಯವನ್ನು ಬಾಯೊಳಗೆ ಇಟ್ಟುಕೊಂಡಿದ್ದ. ‘ಆ ದಿನ ಸಣ್ಣಯ್ಯ ಧ್ವಜ ಏರಿಸಲಿಲ್ಲ. ತೂಬಿನ ಹತ್ತಿರ ಇದ್ದ. ಅದನ್ನು ಸುಳ್ಳಾಗಿ ಬರೆದವನು ನಾನು.’ ಒಂದಲ್ಲ, ಮೂರು. ಮೂರನೆಯದನ್ನು ಅವಳು ಕೇಳಿರಲಿಲ್ಲ, ಆದರೆ ಮೂರನೆಯದಿಲ್ಲದೆ ಮೊದಲೆರಡು ನಿಲ್ಲುವುದಿಲ್ಲ. ಹೇಳಿದರೆ ಡಿಲ್ಲಿ ಇಲ್ಲ. ಇಲ್ಲವೇ? ಇರಬಹುದು, ಸತ್ಯ ಹೇಳಿದ ನಾಯಕ ಎಂದು ಇನ್ನೂ ಮೇಲೇರಬಹುದು. ಆ ಆಸೆ ಮನಸ್ಸಿನಲ್ಲಿ ಹಾದುಹೋದಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಶಾಲೆಯ ಹುಡುಗಿಯರು ಪ್ರಾರ್ಥನೆ ಹಾಡಿದರು. ಲಿಂಗಯ್ಯನವರು ಕೋರ್ಟಿನ ಮಾತನ್ನು ಎರಡು ಸಲ ಹೇಳಿ ಎರಡು ಸಲವೂ ಚಪ್ಪಾಳೆ ಹೊಡೆಸಿದರು. ಪುಟ್ಟಮಾದಮ್ಮನನ್ನು ಮೆಟ್ಟಿಲಿನ ಕೆಳಗೆ ಬೆಂಚೊಂದರ ಮೇಲೆ ಒಬ್ಬಳನ್ನೇ ಕೂರಿಸಿದ್ದರು. ಆ ಬೆಂಚಿನಲ್ಲಿ ಇನ್ನೂ ನಾಲ್ವರು ಕೂರಬಹುದಾಗಿತ್ತು. ಕರೆದಾಗ ಅವಳು ಹತ್ತಿ ಬಂದಳು, ಹಾರ ಹಾಕಿದಳು. ಅಳಲಿಲ್ಲ. ಅವಳ ಕೈಯಿಂದ ಹೊಗೆಯ ಮತ್ತು ಎಮ್ಮೆಯ ಹಾಲಿನ ವಾಸನೆ ಬಂತು. ಕೆಳಗೆ, ಎಡಗಡೆಯ ಸಾಲಿನಲ್ಲಿ, ಕೊಪ್ಪಲಿನ ಪಟೇಲ ಕೆಂಪು ರುಮಾಲು ಸುತ್ತಿ ಕೋಲಿನ ಮೇಲೆ ಗದ್ದ ಊರಿ ಕೂತಿದ್ದ.

ಸಿದ್ದರಾಜು ಎದ್ದ. ಮೇಜಿನ ಅಂಚು ಹಿಡಿದುಕೊಂಡ. “ಆ ದಿನ ಸಣ್ಣಯ್ಯ ಧ್ವಜ ಏರಿಸಲಿಲ್ಲ” ಎಂದ. “ಅವನು ತೂಬಿನ ಹತ್ತಿರ ಇದ್ದ.”

ಮೈದಾನ ಸ್ತಬ್ಧವಾಯಿತು. ಪಟೇಲ ಕೋಲಿನಿಂದ ಗದ್ದ ಎತ್ತಿದ. ಪುಟ್ಟಮಾದಮ್ಮ ಬೆಂಚಿನಲ್ಲಿ ನೆಟ್ಟಗೆ ಕೂತಳು. ಎಂಟು ವರ್ಷ ಅವನು ಕಾಯುತ್ತಿದ್ದ ನಿಶ್ಶಬ್ದ ಇದೇ. ಇನ್ನೊಂದು ವಾಕ್ಯ ಹೇಳಿದರೆ ಮುಗಿಯಿತು. ಆದರೆ ಆ ನಿಶ್ಶಬ್ದ ಅವನು ಎಣಿಸಿದ್ದಕ್ಕಿಂತ ಆಳವಾಗಿತ್ತು. ಸಾವಿರ ಮುಖಗಳು ಅವನನ್ನು ನೋಡುತ್ತಿದ್ದವು, ಮತ್ತು ಅವುಗಳಲ್ಲಿ ಯಾವುದರಲ್ಲೂ ಅವನಿಗೆ ಅಭ್ಯಾಸವಾಗಿದ್ದ ಪ್ರೀತಿ ಇರಲಿಲ್ಲ, ಬರಿಯ ಪ್ರಶ್ನೆ ಇತ್ತು. ಬೆನ್ನ ಮೇಲೆ ಬೆವರು ಹರಿಯಿತು. ಯಾರೋ ಕೆಮ್ಮಿದರು. ಅವನ ನಾಲಿಗೆ, ಹತ್ತು ವರ್ಷ ಜನರ ಮೌನವನ್ನು ತುಂಬಿ ತುಂಬಿ ಪಳಗಿದ ನಾಲಿಗೆ, ಅವನನ್ನು ಕೇಳದೆ ಹೊರಳಿತು. “ಯಾಕೆಂದರೆ ಮಹನೀಯರೇ, ಅವನಿಗೆ ಬೇರೆ ಧ್ವಜ ಬೇಕಿರಲಿಲ್ಲ. ಹಸಿದವರ ಗದ್ದೆಗೆ ನೀರು ಬಿಡುವ ಆ ತೂಬೇ ಅವನ ಧ್ವಜವಾಗಿತ್ತು. ಕಂಬದ ತುದಿಯಲ್ಲಿ ಹಾರುವ ಬಟ್ಟೆಯಲ್ಲ, ಅವನು ಏರಿಸಿದ್ದು ನಮ್ಮೆಲ್ಲರ ಎದೆಯಲ್ಲಿ...” ಮುಂದಿನದನ್ನು ಅವನು ಕೇಳಿಸಿಕೊಳ್ಳಲಿಲ್ಲ. ಚಪ್ಪಾಳೆ ಮೊದಲು ಹಿಂದಿನ ಸಾಲುಗಳಲ್ಲಿ ಹುಟ್ಟಿ ಗುಡುಗಿನಂತೆ ಮುಂದಕ್ಕೆ ಬಂತು. ಲಿಂಗಯ್ಯನವರು ಕಣ್ಣು ಒರೆಸಿಕೊಂಡರು. ಪಟೇಲ ಮತ್ತೆ ಕೋಲಿನ ಮೇಲೆ ಗದ್ದ ಇಟ್ಟು, ಪಕ್ಕದವನಿಗೆ ಏನೋ ಹೇಳಿ ನಕ್ಕ. ಮಾತು ಕಲಿತವರ ವೈಖರಿಯೇ ಬೇರೆ ಎಂದಿರಬೇಕು. ಸಿದ್ದರಾಜು ಇನ್ನೂ ಅರ್ಧ ಗಂಟೆ ಮಾತಾಡಿದ. ಅವನ ಜೀವನದಲ್ಲೇ ಅದು ಬಹಳ ಒಳ್ಳೆಯ ಭಾಷಣ.

ಮೆಟ್ಟಿಲಿಳಿಯುವಾಗ ಅವಳು ಬೆಂಚಿನ ಪಕ್ಕ ನಿಂತಿದ್ದಳು. ಜನ ಒತ್ತುತ್ತಿದ್ದರು, ಯಾರೋ ಅವನ ಕಾಲು ಮುಟ್ಟುತ್ತಿದ್ದರು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಒಲೆಗೆ ಸೌದೆ ಹೆಚ್ಚು ತುಂಬಿದವನಿಗೆ ಹೇಳುವಂತೆ ಹೇಳಿದಳು. “ಸುರುನಾಗ್ ಸರ್ಯಾಗ್ ಯೋಳುದ್ರಿ ಬುದ್ದಿ. ಅಲ್ಗೇ ನಿಲ್ಲಿಸ್ಬೇಕಾಗಿತ್ತು.”

“ತಾಯಿ, ಕಾರಿನಲ್ಲಿ ಬಿಟ್ಟು ಬರ್ತೀನಿ, ಇನ್ನೊಂದು ಸಲ ನಿಮ್ಮೂರಿನಲ್ಲೇ—”

“ಬ್ಯಾಡಿ. ನಡ್ಕ ಓಯ್ತೀನಿ.” ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಜನರ ನಡುವೆ ಹೊರಟಳು. ಜನ ಅವಳಿಗೆ ದಾರಿ ಬಿಟ್ಟರು, ಮೈ ತಾಗದಷ್ಟು ಅಗಲದ ದಾರಿ.

ಸಂಜೆಯ ಬಸ್ಸಿನಲ್ಲಿ ‘ಹೊಸನಾಲೆ’ಯ ಕಟ್ಟು ಬಂದಿತ್ತು. ಮುಸಾಫಿರಖಾನೆಯ ಮೇಜಿನ ಮೇಲೆ ಅದನ್ನು ಬಿಚ್ಚಿ ಹಂಚುತ್ತಿದ್ದರು. ಈಗ ತಾನೇ ಆದ ಸಭೆಯನ್ನು ಜನ ಅಚ್ಚಿನಲ್ಲಿ ಓದಿ ಬೆರಗಾಗುತ್ತಿದ್ದರು. ಎಷ್ಟು ಬೇಗ ಬಂತು ನೋಡಿ ಎನ್ನುತ್ತಿದ್ದರು. ಅವಳು ಅಳಲಿಲ್ಲ ಎಂಬುದು ಯಾರ ನೆನಪಿಗೂ ಬರಲಿಲ್ಲ. ಆನಂದಬಾಷ್ಪ ಸುರಿಸಿದಳು ಎಂದು ಓದಿದ ಹೆಂಗಸೊಬ್ಬಳು ತಾನೇ ಕಂಡಂತೆ ತಲೆ ಆಡಿಸಿದಳು.

“ಮದ್ದೂರಿಗೆ ಈಗ ಒಂಟ್ರೆ ರೈಲ್ ಸಿಕ್ತದೆ ಸಾರ್” ಎಂದರು ಲಿಂಗಯ್ಯನವರು.

“ಬೆಳಕವಾಡಿ ದಾರಿಗೆ ನಡಿ” ಎಂದ ಸಿದ್ದರಾಜು, ಡ್ರೈವರಿಗೆ. ಅದು ಸ್ಟೇಷನ್ನಿಗೆ ಹೋಗುವ ದಾರಿಯಲ್ಲ ಎಂದು ಡ್ರೈವರು ಹೇಳಿದ. ಗೊತ್ತು ಎಂದ.

ಅವಳನ್ನು ದಾರಿಯಲ್ಲಿ ಎಲ್ಲಿಯೂ ಕಾಣಲಿಲ್ಲ, ಕಾಲುದಾರಿ ಹಿಡಿದಿರಬೇಕು. ಕೊಪ್ಪಲಿನ ಕೆರೆಯ ಏರಿಯ ಬುಡದಲ್ಲಿ ಕಾರು ನಿಲ್ಲಿಸಿ ಹತ್ತಿದ. ಇನ್ನೂ ಬೆಳಕಿತ್ತು. ಕೆರೆಯಲ್ಲಿ ಅರ್ಧ ನೀರು. ತೂಬಿನ ಕಲ್ಲು ಒಬ್ಬ ಮನುಷ್ಯನ ಬೆನ್ನು ಒರಗಿ ಒರಗಿ ಒಂದು ಕಡೆ ನುಣುಪಾಗಿತ್ತು. ಅವನು ಅದಕ್ಕೆ ಒರಗಲಿಲ್ಲ. ಎದುರಿಗೆ, ಎಂಟು ವರ್ಷದ ಹಿಂದೆ ನಿಂತ ಜಾಗದಲ್ಲೇ ನಿಂತ. ಕೊರಳಿನ ಹಾರ ತೆಗೆಯುವುದನ್ನು ಮರೆತಿದ್ದ. “ಆ ದಿನ ಸಣ್ಣಯ್ಯ ಇಲ್ಲೇ ಇದ್ದ” ಎಂದ, ಗಟ್ಟಿಯಾಗಿ. ಕೇಳಲು ಯಾರೂ ಇರಲಿಲ್ಲ. ತೂಬಿನಿಂದ ನೀರು ಸಣ್ಣಗೆ ಜಿನುಗುವ ಸದ್ದು, ಆಚೆಗೆ ಡ್ರೈವರು ರೈಲಿಗೆ ಹೊತ್ತಾಯಿತೆಂದು ಹಾರ್ನ್ ಒತ್ತಿದ್ದು. ಮತ್ತೆ ನಿಶ್ಶಬ್ದ. ಅದನ್ನು ತುಂಬುವ ಮುಂದಿನ ವಾಕ್ಯಕ್ಕೆ ಅವನ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಸಿದ್ದರಾಜು ಮಸಿ ಹತ್ತಿದ ಕೈಯಿಂದ ಅದನ್ನು ಮುಚ್ಚಿ ಹಿಡಿದುಕೊಂಡು ನಿಂತ.